ದೊಡ್ಡ ಬೀಗರು ಬರುವ ತನಕ ಯಾರೂ ಕುಡಿಯದ ವೈನು

ಕೆಲವರ ಮನೆಯಲ್ಲಿ ಒಂದು ಫಜೀತಿ ಆದರೆ ಅದನ್ನೇ ಹತ್ತು ವರ್ಷ ಹೇಳಿಕೊಂಡು ನಗುತ್ತಾರೆ. ನಮ್ಮ ಮನೆಯಲ್ಲಿ ಒಂದನ್ನು ಹೇಳಿ ಮುಗಿಸುವಷ್ಟರಲ್ಲಿ ಇನ್ನೊಂದು ಬಂದು ಬಾಗಿಲು ತಟ್ಟುತ್ತದೆ. ಅದಕ್ಕೇ ನಾನು ಬರೆದಿಡುತ್ತೇನೆ. ಮೈಸೂರಿನಲ್ಲಿ ಕೆಮಿಸ್ಟ್ರಿ ಓದಿ ಬಿ.ಎಸ್ಸಿ. ಮಾಡಿದವಳು ನಾನು, ಅದೂ ಫಸ್ಟ್ ಕ್ಲಾಸಿನಲ್ಲಿ. ಲ್ಯಾಬಿನಲ್ಲಿ ಕಲಿತ ಶಿಸ್ತು ಇನ್ನೂ ಬಿಟ್ಟಿಲ್ಲ. ನಮ್ಮ ಯಜಮಾನರು ಇದನ್ನು ಕಾಯಿಲೆ ಅನ್ನುತ್ತಾರೆ. ಆದರೆ ಮನೆಯಲ್ಲಿ ಮಾತಿಗೆ ಮಾತು ಬೆಳೆದಾಗ, ಮೊದಲು ಯಾರು ಏನಂದರು ಅಂತ ಕೇಳಲು ನನ್ನ ಹತ್ತಿರವೇ ಬರುತ್ತಾರೆ.

ಇದೆಲ್ಲ ನಡೆದದ್ದು ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲೆ. ಸಿಡ್ನಿಯ ಗಿರಾವೀನ್‌ನಲ್ಲಿ ನಮ್ಮ ಮನೆ. ಮನೆಯಲ್ಲಿ ನಾನು, ಯಜಮಾನರು, ಎಂಬತ್ತು ದಾಟಿದ ನಮ್ಮತ್ತೆ. ಮಗಳು ಮದುವೆಯಾಗಿ ಮೆಲ್ಬರ್ನ್‌ನಲ್ಲಿದ್ದಳು. ಅಳಿಯನ ಮನೆತನ ಮಾಲ್ಟಾದ್ದು. ಮೆಡಿಟರೇನಿಯನ್ ಸಮುದ್ರದ ಮಧ್ಯೆ ಒಂದು ಪುಟ್ಟ ದ್ವೀಪ ಅದು. ಅಲ್ಲಿ ಸಮುದ್ರದ ಅಂಚಿಗೇ ಅವರ ದ್ರಾಕ್ಷಿ ತೋಟ. ತಾತನ ಕಾಲದಿಂದ ಬಿಳಿ ವೈನ್ ಮಾಡುವ ಮನೆ. ಅದನ್ನು ನೋಡಿಕೊಳ್ಳುತ್ತಿದ್ದವರು ಬೀಗರ ಅಣ್ಣ. ನಮ್ಮ ಬೀಗರು ಹರೆಯದಲ್ಲೇ ಅಣ್ಣನ ಮೇಲೆ ಮುನಿಸಿಕೊಂಡು ಹಡಗು ಹತ್ತಿ ಸಿಡ್ನಿಗೆ ಬಂದು, ಬಸ್ ಓಡಿಸಿ, ರಿಟೈರ್ ಆಗಿ, ನಮ್ಮ ಪಕ್ಕದ ಟೂಂಗಾಬಿಯಲ್ಲಿ ಒಬ್ಬರೇ ಇದ್ದರು. ಒಂದು ಕಡೆ ಕೂತವರಲ್ಲ. ಅವರು ಬಂದರೆ ನಮ್ಮ ಮನೆಯ ಕುರ್ಚಿಗಳಿಗೆಲ್ಲ ಒಂದೊಂದು ಸರದಿ.

ಹತ್ತದ ಎಣ್ಣೆ

ಮದುವೆ ಮಾತುಕತೆಯ ಕಾಲದಲ್ಲಿ ಬೀಗರು ಮೊದಲ ಸಲ ಮನೆಗೆ ಬಂದಾಗ ಕೈಯಲ್ಲಿ ಒಂದು ಬಾಟಲಿ ಇತ್ತು. ಗ್ಯಾರೇಜಿನಲ್ಲಿ ತಾವೇ ಮಾಡಿದ ವೈನು. ಹೆಸರಿಗೆ ಬಿಳಿ, ನೋಡಲು ತಿಳಿ ಹೊಂಬಣ್ಣ. ಮೇಲೆ ಯಾವ ಲೇಬಲ್ಲೂ ಇಲ್ಲ. ನಮ್ಮ ಮನೆಗೆ ಯಾರು ಏನು ತಂದರೂ ಮೊದಲು ದೇವರ ಮುಂದಿಡುವುದು ಅತ್ತೆಯ ಪದ್ಧತಿ. ಬಾಟಲಿಯನ್ನೂ ಹಾಗೇ ಎರಡು ಕೈಯಲ್ಲಿ ಇಸಿದುಕೊಂಡು ಒಳಗೆ ಹೋದರು. ನಾನು ಕಾಫಿಯ ಗಡಿಬಿಡಿಯಲ್ಲಿದ್ದೆ.

ಸ್ವಲ್ಪ ಹೊತ್ತಿಗೆ ದೇವರ ಕೋಣೆಯಿಂದ ಕಡ್ಡಿ ಗೀರುವ ಸದ್ದು. ಒಂದಾದ ಮೇಲೊಂದು.

"ಬಾರೇ ಇಲ್ಲಿ," ಅಂತ ಅತ್ತೆ ಕೂಗಿದರು. "ಬೀಗರು ತಂದ ಎಣ್ಣೆ ಹತ್ತೋದೇ ಇಲ್ವಲ್ಲೇ. ಬತ್ತಿ ಚುರ್ ಅನ್ನತ್ತೆ, ಆರತ್ತೆ. ಅರ್ಧಕ್ಕರ್ಧ ನೀರು ಬೆರೆಸಿದ್ದಾರೆ!"

ಬೀಗರು ಆ ಹೊತ್ತಿಗೆ ಮೂರನೆಯ ಕುರ್ಚಿಯಲ್ಲಿದ್ದರು. "ಅಜ್ಜಿ ಏನಂತಾರೆ?" ಅಂತ ಇಂಗ್ಲಿಷಿನಲ್ಲಿ ಕೇಳಿದರು. ಯಜಮಾನರು ಕಣ್ಣಿನಲ್ಲೇ ಬೇಡ ಬೇಡ ಅಂದರು. ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಬೀಗರು ಕಾಫಿ ತುಳುಕುವ ಹಾಗೆ ನಕ್ಕರು.

"ಪ್ರತಿ ವರ್ಷ ನಮ್ಮಣ್ಣನಿಗೆ ಒಂದು ಬಾಟಲಿ ಕಳಿಸ್ತೀನಿ. ಅವನು ಫೋನ್ ಮಾಡಿ ಇದೊಂದೇ ಮಾತು ಹೇಳಿ ಇಡ್ತಾನೆ. ಬರೀ ನೀರು ಅಂತ. ಅವನಾದರೂ ಕುಡಿದು ಹೇಳ್ತಾನೆ. ಅಜ್ಜಿ ಕುಡೀದೇ ಕಂಡುಹಿಡಿದರಲ್ಲ!"

ಲೇಬಲ್ ಇಲ್ಲದ್ದಕ್ಕೂ ಕಾರಣ ಅದೇ. ಅವರ ಮನೆತನದಲ್ಲಿ ಅಪ್ಪನ ಹೆಸರಿನ ಲೇಬಲ್ ಹಚ್ಚುವ ಹಕ್ಕು ಹಿರಿಯನದು. ಅವನು ಒಪ್ಪದ ವೈನು ಕೊನೆಯ ತನಕ ಬೋಳು ಬಾಟಲಿಯಲ್ಲೇ ಇರಬೇಕು.

ಹಿತ್ತಲ ಸಂಡಿಗೆ

ಮಗಳು ಬಸುರಿ ಅಂತ ಗೊತ್ತಾದ ತಿಂಗಳೇ ದ್ವೀಪದಿಂದ ಬೀಗರಿಗೆ ಫೋನ್ ಬಂತು. ಅಣ್ಣ, ಅಂದರೆ ನಮ್ಮ ಲೆಕ್ಕದಲ್ಲಿ ದೊಡ್ಡ ಬೀಗರು, ಮಗುವಿನ ನಾಮಕರಣಕ್ಕೆ ಮೆಲ್ಬರ್ನ್‌ಗೆ ಬರುತ್ತಾರಂತೆ. ಅವರಿಗೆ ಮಕ್ಕಳಿಲ್ಲ, ವಯಸ್ಸಾಯಿತು. ಹೋಟೆಲಿನವನೊಬ್ಬ ತೋಟ ಕೇಳುತ್ತಿದ್ದಾನೆ. "ನಿನ್ನ ಕೈಯಿಂದ ಒಂದು ಸಲವಾದರೂ ನಮ್ಮ ಮನೆಯ ವೈನ್ ಅನ್ನುವಂಥದ್ದು ಮಾಡಿ ತೋರಿಸಿದರೆ ತೋಟ ನಿಮಗೆ ಉಳಿಸ್ತೀನಿ. ಇಲ್ಲದಿದ್ದರೆ ಹೋಟೆಲಿನವನಿಗೆ ಮಾರ್ತೀನಿ," ಅಂದರಂತೆ.

ಅವತ್ತಿನಿಂದ ಬೀಗರಿಗೆ ನಿಂತಲ್ಲಿ ನಿಲ್ಲಲಾಗದು. ಅವರ ಗ್ಯಾರೇಜಿಗೆ ತಗಡಿನ ಸೂರು, ಇಲ್ಲಿ ನಡುಬೇಸಿಗೆಯಾದ ಫೆಬ್ರವರಿಯ ಬಿಸಿಲಿಗೆ ಒಳಗೆ ಹಪ್ಪಳ ಸುಡಬಹುದು. ನಮ್ಮದು ಇಟ್ಟಿಗೆಯದು, ತಂಪು. ಯಜಮಾನರು ನನ್ನನ್ನು ಒಂದು ಮಾತೂ ಕೇಳದೆ, "ನಮ್ಮಲ್ಲೇ ಮಾಡಿ ಬೀಗರೇ," ಅಂದುಬಿಟ್ಟರು. ವೈನಿನ ವಾಸನೆ ಕಂಡರೆ ಮೂಗು ಮುಚ್ಚುವ ಮನುಷ್ಯ! ನಾನೂ ಒಪ್ಪಿದೆ, ಆದರೆ ಟೆಂಪರೇಚರ್ ಮತ್ತು ಸಕ್ಕರೆಯ ಅಳತೆ ನಾನೇ ನೋಡಿ ಬರೆಯುತ್ತೇನೆ ಅಂತ ಷರತ್ತು ಹಾಕಿದೆ. ಬಿ.ಎಸ್ಸಿ. ಮಾಡಿದವಳಿಗೆ ಇಷ್ಟು ಹಕ್ಕಿರಬೇಕು.

ದ್ರಾಕ್ಷಿಯ ಕ್ರೇಟುಗಳು ಬರುವ ದಿನ ಬೀಗರು ಹಣ್ಣು ಹಿಂಡುವ ಪ್ರೆಸ್ ತರಲು ಹೋಗಿದ್ದರು, ನಾವಿಬ್ಬರು ಪ್ಯಾರಾಮ್ಯಾಟಾದ ಬ್ಯಾಂಕಿಗೆ ಹೋಗಿದ್ದೆವು. ಮನೆಯಲ್ಲಿ ಅತ್ತೆ ಒಬ್ಬರೇ. ಲಾರಿಯವನು ಇಳಿಸಿ ಹೋದ. ಹಣ್ಣಿನ ಮೇಲೆ ಧೂಳು, ಒಣಗಿದೆಲೆ, ಒಂದೆರಡು ಜೇಡ. ನಮ್ಮ ಕಡೆ ದ್ರಾಕ್ಷಿಯನ್ನು ಉಪ್ಪುನೀರಿನಲ್ಲಿ ನೆನೆಹಾಕದೆ ಬಾಯಿಗಿಡುವುದಿಲ್ಲ ಅನ್ನುವುದು ಹೇಳಬೇಕಾಗಿಲ್ಲ. ಅತ್ತೆ ಬಾತ್‌ಟಬ್ ತಿಕ್ಕಿ ತೊಳೆದು, ನೀರು ತುಂಬಿ, ಉಪ್ಪಿನಕಾಯಿಗೆಂದು ತಂದಿಟ್ಟಿದ್ದ ಕಲ್ಲುಪ್ಪಿನ ಚೀಲ ಪೂರ್ತಿ ಸುರಿದು, ಒಂದೊಂದೇ ಕ್ರೇಟಿನ ಹಣ್ಣನ್ನು ಅದ್ದಿ ಅದ್ದಿ ತೆಗೆದಿದ್ದರು. ಆ ವಯಸ್ಸಿನಲ್ಲಿ, ಒಬ್ಬರೇ!

ನಾವು ಬರುವಾಗ ಬೀಗರು ಗೇಟಿನಲ್ಲೇ ನಿಂತಿದ್ದರು. ಹಿತ್ತಲ ಹುಲ್ಲಿನ ಮೇಲೆ ಅತ್ತೆಯ ಹಳೇ ಸೀರೆಗಳು ಸಾಲಾಗಿ ಹಾಸಿದ್ದವು. ಅವುಗಳ ಮೇಲೆ ಮನೆತನದ ಮಾನ, ದ್ವೀಪದ ತೋಟ, ಅಣ್ಣನ ಮುಂದೆ ತಲೆ ಎತ್ತುವ ಕಟ್ಟಕಡೆಯ ಅವಕಾಶ, ಎಲ್ಲ ಸಂಡಿಗೆಯ ಹಾಗೆ ಒಣಗುತ್ತಿತ್ತು.

"ಅತ್ತೆ, ಏನು ಮಾಡಿದ್ರಿ!" ಅಂದೆ. "ಹುಳಿ ಬರಿಸೋ ಅಂಶ ಇರೋದೇ ಹಣ್ಣಿನ ಸಿಪ್ಪೆ ಮೇಲೆ. ತೊಳೀಲೇಬಾರದು ಅದನ್ನ!"

ಅತ್ತೆ ಕೋಲಿನಿಂದ ಕಾಗೆ ಓಡಿಸುತ್ತಾ ಕೂತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ತೊಳೀಬಾರದು ಅಂತ ಕಾಲೇಜಲ್ಲಿ ಹೇಳಿಕೊಟ್ರೇನೇ?" ಅಂದರು. ಆಮೇಲೆ ಬೀಗರ ಕಡೆ ತಿರುಗಿ ಕನ್ನಡದಲ್ಲೇ, "ಸುಮ್ನೆ ನಿಂತ್ಕೋಬೇಡಿ, ಆ ಕಡೆ ಕಾಗೆ ನೋಡ್ಕೊಳ್ಳಿ," ಅಂದರು. ಕನ್ನಡದ ಒಂದಕ್ಷರ ಬಾರದ ಮನುಷ್ಯ, ಆ ಕಡೆ ಹೋಗಿ ಕಾಗೆ ನೋಡಿಕೊಂಡರು.

ನಾಚಿಕೆಯ ಡ್ರಮ್ಮು

ಬೇರೆ ದ್ರಾಕ್ಷಿ ತರೋಣವೆಂದರೆ ಆ ಜಾತಿಯ ಹಣ್ಣಿನ ಕಾಲ ಮುಗಿದಿತ್ತು. ಇದ್ದದ್ದನ್ನೇ ಹಿಂಡಿ ಸ್ಟೀಲಿನ ಡ್ರಮ್ಮಿಗೆ ತುಂಬಿದ್ದಾಯಿತು. ಮಾಮೂಲಿಯಾಗಿ ಒಂದೆರಡು ದಿನಕ್ಕೆ ರಸ ಗುಳುಗುಳು ಅನ್ನಬೇಕು. ಇದು ಮೌನ ಹಿಡಿದು ಕೂತಿತು.

ಬೀಗರು ಬೆಳಗಾದರೆ ನಮ್ಮ ಗ್ಯಾರೇಜಿನಲ್ಲಿ. ಮುಚ್ಚಳ ತೆಗೆಯುವುದು, ನೋಡುವುದು, ಮುಚ್ಚುವುದು, ಡ್ರಮ್ಮಿಗೆ ಕಿವಿ ಹಚ್ಚುವುದು, ಒಂದು ಸುತ್ತು ನಡೆದು ಬಂದು ಮತ್ತೆ ಕಿವಿ. "ಪ್ಯಾಕೆಟಿನ ಯೀಸ್ಟ್ ಹಾಕೋಣ," ಅಂದೆ ನಾನು. "ನಮ್ಮಪ್ಪ ಪ್ಯಾಕೆಟ್ ಹರಿದವರಲ್ಲ," ಅಂದರು ಅವರು. ಯಜಮಾನರಿಗೂ ಆ ಚಡಪಡಿಕೆ ಅಂಟಿತು. ಆಫೀಸಿನಿಂದ ಫೋನ್ ಮಾಡಿ, "ಏನಾದರೂ ಸದ್ದು ಬಂತೇನೇ?" ಅಂತ ಕೇಳುತ್ತಿದ್ದರು. ನಾನು ಅಳೆದದ್ದೇ ಅಳತೆ, ಬರೆದದ್ದೇ ಅಂಕಿ. ಅಂಕಿ ಅಲುಗಾಡಲಿಲ್ಲ.

ಆ ವಾರ ಮಗಳು ಮೆಲ್ಬರ್ನ್‌ನಿಂದ ಫೋನ್ ಮಾಡಿದಳು. ಎತ್ತಿದವರು ಬೀಗರು. ಸೊಸೆಯ ದನಿ ಕೇಳಿ, "ಇನ್ನೂ ಅಲ್ಲಾಡಿಲ್ಲಮ್ಮ, ನನಗೆ ತುಂಬ ಭಯ ಆಗ್ತಿದೆ," ಅಂದರು. ಅವರಿಂದ ಯಜಮಾನರು ಇಸಿದುಕೊಂಡು ಅದನ್ನೇ ಹೇಳಿದರು. ನಾನು ತೆಗೆದುಕೊಂಡು ಟೆಂಪರೇಚರ್ ಹೇಳಿದೆ.

"ಅಮ್ಮಾ," ಅಂದಳು ಮಗಳು, "ಬಸುರಿ ನಾನು. ನನ್ನ ಯಾರಾದ್ರೂ ಕೇಳ್ತೀರಾ, ಪ್ಲೀಸ್?"

ಕೊನೆಗೆ ಅತ್ತೆ ಎದ್ದುಬಂದರು. "ಇಡ್ಲಿ ಹಿಟ್ಟು ರುಬ್ಬಿಟ್ಟು ಗಳಿಗೆಗೊಂದು ಸಲ ಮುಚ್ಚಳ ತೆಗೆದರೆ ಅದು ಉಬ್ಬತ್ತೇನೇ? ನಡೀರಿ ಎಲ್ಲ ಆಚೆ." ಮೂವರನ್ನೂ ಹೊರಗಟ್ಟಿ, ಡ್ರಮ್ಮಿಗೊಂದು ಬಟ್ಟೆ ಹೊದಿಸಿ, ಗ್ಯಾರೇಜಿಗೆ ಬೀಗ ಹಾಕಿ, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡರು. ಎರಡು ದಿನ ನಾವು ಗೋಡೆಯಾಚೆ ಹೆರಿಗೆ ವಾರ್ಡಿನ ಮುಂದೆ ನಿಂತವರ ಹಾಗೆ ತಿರುಗಾಡಿದೆವು. ಮೂರನೆಯ ಬೆಳಿಗ್ಗೆ ಬಾಗಿಲು ತೆಗೆದರೆ ಡ್ರಮ್ಮು ಗುಳುಗುಳು ಗುಳುಗುಳು ಅಂತ ಒಂದೇ ಸಮ ಮಾತಾಡುತ್ತಿತ್ತು.

ತೊಳೆದರೂ ಸಿಪ್ಪೆಯಲ್ಲಿ ಒಂದಿಷ್ಟು ಯೀಸ್ಟ್ ಉಳಿದಿರುತ್ತದೆ, ಅದು ಹೆಚ್ಚಾಗಲು ಸಮಯ ಬೇಕು ಅಂತ ನಾನು ಶಾಸ್ತ್ರೀಯವಾಗಿ ವಿವರಿಸಿದೆ.

"ಅದೇನೂ ಇಲ್ಲ," ಅಂದರು ಅತ್ತೆ. "ನೀವೆಲ್ಲ ಹಾಗೆ ಬಗ್ಗಿ ಬಗ್ಗಿ ನೋಡಿದ್ರೆ ಅದಕ್ಕೂ ನಾಚಿಕೆ ಆಗಲ್ವಾ?"

ಗಂಡಸರ ಭಕ್ತಿ

ಇಲ್ಲಿನ ಕನ್ನಡದವರ ಶನಿವಾರದ ಭಜನೆ ಆ ವಾರ ನಮ್ಮ ಮನೆಯಲ್ಲಿ. ಹಾಲಿನ ಪಕ್ಕಕ್ಕೇ ಗ್ಯಾರೇಜು. ಎಷ್ಟು ಊದುಬತ್ತಿ ಹಚ್ಚಿದರೂ ಆ ಹುಳಿಸಿಹಿ ವಾಸನೆ ಅಡಗಲಿಲ್ಲ. ಮೊದಲ ಹಾಡಿಗೇ ಒಬ್ಬಾಕೆ ಮೂಗೆಳೆದು, "ಆಂಟಿ, ಏನೋ ಒಂಥರಾ ಸ್ಮೆಲ್ ಬರ್ತಿದೆಯಲ್ಲಾ?" ಅಂದಳು.

"ಹಣ್ಣಿನ ರಸ. ಕೆಮಿಸ್ಟ್ರಿ ಪ್ರಯೋಗ," ಅಂದೆ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ನಮ್ಮ ಭಜನೆಯ ಗಂಡಸರು ಹೆಂಡತಿಯನ್ನು ಇಳಿಸಿ, ಕಾರಿನಲ್ಲೇ ಕೂತು ರೇಡಿಯೋದಲ್ಲಿ ಕ್ರಿಕೆಟ್ ಕೇಳುವವರು. ಅವತ್ತು ಗಾಳಿ ರಸ್ತೆಯ ಕಡೆಗಿತ್ತು. ಒಬ್ಬೊಬ್ಬರೇ ಇಳಿದು ಬಂದರು. ಗ್ಯಾರೇಜಿನಲ್ಲಿ ಬೀಗರು ಸ್ಟೂಲ್ ಹಾಕಿಕೊಂಡು ಕಾವಲಿದ್ದರು. ಒಬ್ಬರು ಧೈರ್ಯ ಮಾಡಿ, "ಒಂದು ಚೂರು ಟೇಸ್ಟ್..." ಅಂದರಂತೆ. ಹಿರಿಯಣ್ಣ ಬಾಯಿಗಿಡುವ ತನಕ ಹೊಸ ವೈನನ್ನು ಮನೆಯವರೂ ಮುಟ್ಟುವಂತಿಲ್ಲ, ಅದು ತಮ್ಮ ಮನೆಯ ಪದ್ಧತಿ, ಮಾಡಿದ ತಾನೇ ಮುಟ್ಟಿಲ್ಲ ಅಂತ ಬೀಗರು ಹೇಳಿದರು. ಬೇಕಾದರೆ ಕಿವಿಗೊಟ್ಟು ಕೇಳಬಹುದು ಅಂದರು.

ನಾನು ಕೋಸಂಬರಿ ಕೊಡಲು ಹೋದರೆ, ಐಟಿ ಕಂಪನಿಗಳ ಆರೇಳು ಗಂಡಸರು ಡ್ರಮ್ಮಿನ ಸುತ್ತ ಚಕ್ಕಳಮಕ್ಕಳ ಹಾಕಿ, ಕಣ್ಣು ಮುಚ್ಚಿ, ಅದರ ಗುಳುಗುಳು ಕೇಳುತ್ತಾ ಕೂತಿದ್ದಾರೆ. ನಮ್ಮ ಹಾಡಿಗೆ ಯಾವತ್ತೂ ಅಷ್ಟು ತನ್ಮಯರಾದವರಲ್ಲ.

ಮುಂದಿನ ವಾರ ಭಜನೆ ಪ್ಯಾರಾಮ್ಯಾಟಾ ಕಡೆ ಒಬ್ಬರ ಮನೆಯಲ್ಲಿ ಇತ್ತು. ಅದರ ಉಸ್ತುವಾರಿಯಾಕೆ ಫೋನ್ ಮಾಡಿದಳು. "ಆಂಟಿ, ನಿಮ್ಮ ಮನೇಲಿ ಏನೋ ದೈವಶಕ್ತಿ ಇದೆ. ನಮ್ಮನೆಯವರು ಅವರಾಗೇ 'ಭಜನೆ ಗಿರಾವೀನ್ ಆಂಟಿ ಮನೇಲೇ ಇಟ್ಕೊಳ್ಳಿ' ಅಂತಿದ್ದಾರೆ!"

ಹೆದ್ದಾರಿಯಲ್ಲಿ

ಚಳಿಗಾಲದ ಕೊನೆಗೆ, ಅಂದರೆ ಇಲ್ಲಿನ ಆಗಸ್ಟಿನಲ್ಲಿ, ಮಗಳಿಗೆ ಹೆಣ್ಣು ಮಗು ಹುಟ್ಟಿತು. ನಾಮಕರಣಕ್ಕೆ ಹೊರಟಾಗ ಬೀಗರು ಬಾಟಲಿಗಳನ್ನು ವಿಮಾನಕ್ಕೆ ಕೊಡಲು ಒಪ್ಪಲಿಲ್ಲ. ಕಾರಿನಲ್ಲೇ ಹೋಗುವುದೆಂದಾಯಿತು. ಡಿಕ್ಕಿ ತುಂಬ ಬಾಟಲಿ, ಜಾಗ ಸಾಲದೆ ಹಿಂದಿನ ಸೀಟಿನ ಕೆಳಗೂ ಕೆಲವು. ಯಜಮಾನರು ಡ್ರೈವಿಂಗ್. ಬೀಗರು ಮುಂದೆ ಕೂತು ಪ್ರತಿ ಹಳ್ಳಕ್ಕೂ "ನಿಧಾನ, ನಿಧಾನ!" ಹಿಂದೆ ನಾನು, ಅತ್ತೆ, ಅತ್ತೆಯ ಕೋಡುಬಳೆ ಡಬ್ಬ.

ಅರ್ಧ ದಾರಿಗೆ ಒಂದು ಬಾಟಲಿಯ ಮುಚ್ಚಳ ಹಾರಿತು. ಒಳಗಿದ್ದದ್ದು ಉಕ್ಕಿ ನೇರವಾಗಿ ಅತ್ತೆಯ ಶಾಲಿನ ಮೇಲೆ. "ಒರೆಸಿದರೆ ಸಾಕು, ಹಣ್ಣಿನ ರಸ ತಾನೆ," ಅಂದರು ಅತ್ತೆ. ನಾವು ಅವರಿಗೆ ಅದು ಹಾಗೆಂದೇ ಹೇಳಿದ್ದೆವು. ಕಾರೆಲ್ಲ ಘಮ್ ಅಂತಿತ್ತು. ಅದೇ ಗಳಿಗೆಗೆ ಮುಂದೆ ಪೊಲೀಸಿನವರು ಕೈ ಅಡ್ಡ ಹಿಡಿದರು. ಕುಡಿದು ಓಡಿಸುವವರನ್ನು ಹಿಡಿಯುವ ತಪಾಸಣೆ.

ಯಜಮಾನರು ಗಾಜು ಇಳಿಸಿದರು. ಪೊಲೀಸ್ ಯುವಕ ಒಂದು ಹೆಜ್ಜೆ ಹಿಂದೆ ಸರಿದ. ನಳಿಕೆ ಊದಿಸಿದ. ಸೊನ್ನೆ. ಯಂತ್ರ ಕೆಟ್ಟಿದೆ ಅಂದುಕೊಂಡು ಇನ್ನೊಂದು ತಂದ. ಅದೂ ಸೊನ್ನೆ. ವಾಸನೆಯ ಜಾಡು ಹಿಡಿದು ಹಿಂದಿನ ಕಿಟಕಿಗೆ ಬಂದ. ಅಲ್ಲಿ ಹಣೆ ತುಂಬ ವಿಭೂತಿ ಇಟ್ಟುಕೊಂಡು ಅತ್ತೆ, ಒದ್ದೆ ಶಾಲಿನಲ್ಲಿ.

"ಮೇಡಂ," ಅಂದ ಬಹಳ ಮರ್ಯಾದೆಯಿಂದ, "ತಾವು ಎಷ್ಟು ತೆಗೆದುಕೊಂಡಿದ್ದೀರಿ?"

ಅತ್ತೆ ಅವನಿಗೆ ಹಸಿವಾಗಿದೆ ಅಂದುಕೊಂಡು ಕೋಡುಬಳೆ ಡಬ್ಬ ಮುಂದೆ ಹಿಡಿದರು. ಅವನು ಒಂದು ತೆಗೆದುಕೊಂಡು ಡಿಕ್ಕಿ ತೆಗೆಸಿ ನೋಡಿದ. ಸಾಲು ಬಾಟಲಿ.

"ಇದನ್ನೆಲ್ಲ ಯಾರು ಕುಡಿಯೋದು?"

"ನಾನು ಕುಡಿಯಲ್ಲ," ಅಂದರು ಯಜಮಾನರು. "ನಾವು ಮುಟ್ಟೋದೇ ಇಲ್ಲ," ಅಂದೆ ನಾನು. "ನಮ್ಮಣ್ಣ ಕುಡಿಯೋ ತನಕ ನಾನೂ ಮುಟ್ಟೋ ಹಾಗಿಲ್ಲ," ಅಂದರು ಬೀಗರು.

ಅವನು ಕೋಡುಬಳೆ ಕಡಿಯುತ್ತಾ ಡಿಕ್ಕಿ ಮುಚ್ಚಿದ. "ಹೋಗಿ ಬನ್ನಿ," ಅಂದ. "ಇದನ್ನ ಸ್ಟೇಷನ್ನಿನಲ್ಲಿ ಹೇಳಿದರೆ ನನಗೇ ನಳಿಕೆ ಊದಿಸ್ತಾರೆ."

ಒಂದು ಗುಟುಕು

ನಾಮಕರಣದ ಶಾಸ್ತ್ರ ಮುಗಿದು ಊಟಕ್ಕೆ ಮುಂಚೆ ದೊಡ್ಡ ಬೀಗರು ಕುರ್ಚಿ ಎಳೆದುಕೊಂಡು ಕೂತರು. ತಮ್ಮನಷ್ಟೇ ಎತ್ತರ, ತಮ್ಮನಿಗಿಲ್ಲದ ಗಾಂಭೀರ್ಯ. ಬಂದಾಗಿನಿಂದ ತಮ್ಮನೊಡನೆ ಆಡಿದ್ದು ನಾಲ್ಕು ಮಾತು. ಹೋಟೆಲಿನವನ ಕಾಗದ ಪತ್ರ ಅವರ ಕೋಟಿನ ಜೇಬಿನಲ್ಲೇ ಇದೆ ಅಂತ ಅಳಿಯ ನನ್ನ ಕಿವಿಯಲ್ಲಿ ಹೇಳಿದ್ದ.

ಬೀಗರು ಬಾಟಲಿ ತೆಗೆದರು. ಲೋಟಕ್ಕೆ ಬಗ್ಗಿಸಿ ಅಣ್ಣನ ಮುಂದಿಟ್ಟು, ಕೂರದೆ ನಿಂತೇ ಇದ್ದರು. ನನಗೂ ಕೂರಲಾಗಲಿಲ್ಲ. ಉಪ್ಪಿನ ವಿಷಯ ಗೊತ್ತಿದ್ದವರು ನಾವು ಮೂವರೇ. ಅತ್ತೆಗೆ ಅದು ವಿಷಯ ಅಂತಲೇ ಗೊತ್ತಿಲ್ಲ. ಗೋಡೆಗೊರಗಿ ಮರಿಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟುತ್ತಿದ್ದರು.

ದೊಡ್ಡ ಬೀಗರು ಬೆಳಕಿಗೆ ಹಿಡಿದು ನೋಡಿದರು. ಮೂಸಿದರು. ಒಂದು ಗುಟುಕು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಮುಚ್ಚಿದ ಕಣ್ಣು ತೆರೆಯಲೇ ಇಲ್ಲ. ಯಜಮಾನರು ನನ್ನ ಕೈ ಹಿಡಿದುಕೊಂಡರು. ಮದುವೆಯಾದ ಮೇಲೆ ನಾಲ್ಕು ಜನರ ಮುಂದೆ ಅದೇ ಮೊದಲು.

"ಇದನ್ನ ಸಮುದ್ರದಲ್ಲಿ ಅದ್ದಿದವರು ಯಾರು?" ಅಂದರು ದೊಡ್ಡ ಬೀಗರು.

ಬೀಗರು ಬಿಳಿಚಿಕೊಂಡು, ಬಾತ್‌ಟಬ್, ಉಪ್ಪು, ಸೀರೆ, ಕಾಗೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ಕೊನೆಗೆ ಬೆರಳು ತೋರಿಸಿದರು. ಬೆರಳ ತುದಿಯಲ್ಲಿ ನಮ್ಮತ್ತೆ.

ದೊಡ್ಡ ಬೀಗರ ಕಣ್ಣು ತುಂಬಿತ್ತು. "ನಮ್ಮಮ್ಮ," ಅಂದರು ತಮ್ಮನಿಗೆ. "ಕೊಯ್ದ ಹಣ್ಣನ್ನ ಬುಟ್ಟಿ ಸಮೇತ ಕಡಲಿಗೆ ಒಯ್ದು ಮುಳುಗಿಸಿ ತರ್ತಿದ್ದಳು. ನಿನಗೆ ನೆನಪಿಲ್ಲ, ನೀನು ಆಗ ಚಿಕ್ಕವನು. ಧೂಳು, ಆಡಿನ ಕೊಳೆ ಅಂತ ಬೈಕೊಂಡು ತೊಳೀತಿದ್ದಳು. ಅವಳು ಹೋದ ಮೇಲೆ ಒಬ್ಬ ಓದಿದವನು ಬಂದು, ತೊಳೀಲೇಬಾರದು ಅಂದ. ಬಿಟ್ಟುಬಿಟ್ಟೆ. ಆಮೇಲೆ ಈ ರುಚಿ ನನಗೂ ಸಿಕ್ಕಿರಲಿಲ್ಲ."

ಓದಿದವನು ಅನ್ನುವಾಗ ಯಜಮಾನರು ನನ್ನ ಕಡೆ ನೋಡಿದರು. ನಾನು ಮಗುವಿನ ಕಡೆ ನೋಡಿದೆ.

ದೊಡ್ಡ ಬೀಗರು ಎದ್ದು ಹೋಗಿ, ಅತ್ತೆಯ ಮುಂದೆ ಮಂಡಿಯೂರಿ, ಅವರ ಕೈ ಹಿಡಿದು ಮುತ್ತಿಟ್ಟರು. ಅತ್ತೆ ಕಲ್ಲಾದರು. ಆ ಕೈಯನ್ನು ಮೈಗೆ ತಾಗದ ಹಾಗೆ ದೂರ ಹಿಡಿದುಕೊಂಡೇ ಮಗುವನ್ನು ನನಗೆ ದಾಟಿಸಿದರು. ಅಷ್ಟರಲ್ಲಿ ದೊಡ್ಡ ಬೀಗರು ಜೇಬಿನಿಂದ ಹೋಟೆಲಿನವನ ಕಾಗದವಲ್ಲ, ಅಂಟು ಬಳಿದ ಒಂದು ಹಳೇ ಲೇಬಲ್ ತೆಗೆದರು. ಅದರ ಮೇಲೆ ಅವರಪ್ಪನ ಹೆಸರು. ಅದರ ಬೆನ್ನನ್ನು ನಾಲಗೆಯಿಂದ ಉದ್ದಕ್ಕೂ ನೆಕ್ಕಿ, ತಮ್ಮನ ಬೋಳು ಬಾಟಲಿಗೆ ಒತ್ತಿ ಅಂಟಿಸಿದರು. ಬೀಗರು ಚಿಕ್ಕ ಮಗುವಿನ ಹಾಗೆ ಅಳತೊಡಗಿದರು. ಅಳಿಯ ಫೋಟೋ ತೆಗೆಯಲು ಕ್ಯಾಮೆರಾ ಹುಡುಕಿದ.

"ಅಯ್ಯಯ್ಯೋ, ಎಂಜಲು!" ಅಂದರು ಅತ್ತೆ. "ಶುಭಕಾರ್ಯದ ಮನೆ!"

ಯಾರಾದರೂ ತಡೆಯುವುದರೊಳಗೆ ಬಾಟಲಿಯನ್ನು ಇನ್ನೊಂದು ಕೈಯಲ್ಲಿ ಎತ್ತಿಕೊಂಡು ಅಡಿಗೆಮನೆಗೆ ನಡೆದರು. ನಲ್ಲಿ ಬಿಟ್ಟ ಸದ್ದು, ಉಪ್ಪಿನ ಡಬ್ಬ ತೆಗೆದ ಸದ್ದು, ತಿಕ್ಕುವ ಸದ್ದು. ವಾಪಸು ಬಂದಾಗ ಕೈಯೂ ಶುದ್ಧ, ಬಾಟಲಿಯೂ ಶುದ್ಧ. ಬೀಗರು ಇಷ್ಟು ವರ್ಷ ಕಾದ ಲೇಬಲ್ಲು ಸಿಂಕಿನ ಜಾಲರಿಯಲ್ಲಿ ಮುದ್ದೆಯಾಗಿ ಕೂತಿತ್ತು.

"ಈಗ ಸರಿಹೋಯ್ತು," ಅಂತ ಅತ್ತೆ ಬಾಟಲಿಯನ್ನು ಮೇಜಿನ ಮೇಲಿಟ್ಟರು.

ಬೀಗರ ಮುಖ ನೋಡುವ ಧೈರ್ಯ ನಮಗೆ ಯಾರಿಗೂ ಇರಲಿಲ್ಲ. ದೊಡ್ಡ ಬೀಗರು ಬೋಳು ಬಾಟಲಿಯನ್ನು ನೋಡಿದರು, ಅತ್ತೆಯನ್ನು ನೋಡಿದರು, ಮೇಜು ಗುದ್ದಿ ನಕ್ಕರು.

"ಥೇಟ್ ಅಮ್ಮ!" ಅಂದರು ತಮ್ಮನಿಗೆ. "ಹೋಟೆಲಿನವನಿಗೆ ಫೋನ್ ಮಾಡೋ, ತೋಟ ಮಾರಲ್ಲ ಅಂತ ಹೇಳು. ಆಮೇಲೆ ಈ ಅಜ್ಜಿಯ ಪಾಸ್‌ಪೋರ್ಟ್ ಎಲ್ಲಿದೆ ಕೇಳು."